ಮೊದಲ ವಾರಕ್ಕೆ ರೀಲು, ಆಮೇಲೆ ಕೀಲು!

ಚಿತ್ರರಸಿಕ ಮಿತ್ರರೇ, ನಿಮಗೊಂದು ಪ್ರಶ್ನೆ. ನೀವು ಸಿನಿಮಾಕ್ಕೆ ಹೋಗೋದು ಪೋಸ್ಟರ್ ನೋಡಿಯೋ, ನೋಡಿ ಬಂದವನ ಮಾತು ಕೇಳಿಯೋ? ಮೊದಲ ದಿನ ಮೊದಲ ಆಟಕ್ಕೆ ಹಾಲಿನ ಕೊಡ ಹೊತ್ತು ನುಗ್ಗುವ ವೀರಾಭಿಮಾನಿಗಳನ್ನು ಬಿಡಿ. ಅವರಿಗೆ ಪೋಸ್ಟರೂ ಬೇಡ, ಮಾತೂ ಬೇಡ, ಕಟೌಟ್ ನಿಂತರೆ ಸಾಕು. ನಾನು ಕೇಳುತ್ತಿರುವುದು ಎರಡನೇ ವಾರದ ಪ್ರೇಕ್ಷಕನ ಬಗ್ಗೆ. ಹೆಂಡತಿ ಮಕ್ಕಳನ್ನು ಕರೆದುಕೊಂಡು, ಟಿಕೆಟ್ಟಿಗೂ ಕಡ್ಲೆಕಾಯಿಗೂ ಲೆಕ್ಕ ಹಾಕಿ ಬರುತ್ತಾನಲ್ಲ, ಆ ಮಹಾರಾಯನೇ ಗಾಂಧಿನಗರದ ಅನ್ನದಾತ. ಅವನು ಪೋಸ್ಟರ್ ನಂಬುವ ಗಿರಾಕಿಯಲ್ಲ. "ಹೆಂಗೈತಪ್ಪಾ ಪಿಚ್ಚರು?" ಅಂತ ನಾಲ್ಕು ಜನರನ್ನು ಕೇಳಿಯೇ ಮನೆ ಬಿಡುತ್ತಾನೆ.

ಈ ಹಳೇ ಸತ್ಯವನ್ನು ನನಗೆ ಹೊಸದಾಗಿ ಕಲಿಸಿದವನು ನಿರ್ಮಾಪಕನೂ ಅಲ್ಲ, ಹಂಚಿಕೆದಾರನೂ ಅಲ್ಲ. ಸಾಸ್ವೆಹಳ್ಳಿಯ ಒಬ್ಬ ಬಡಗಿ!

ಇದೇನಪ್ಪಾ, ಸಿನಿಮಾ ಪತ್ರಿಕೇಲಿ ಬಡಗಿ ಕಥೆ ಅಂತ ಪುಟ ತಿರುವಬೇಡಿ. ಇದರಲ್ಲಿ ನಾಯಕನಿದ್ದಾನೆ, ಹಾಸ್ಯನಟನಿದ್ದಾನೆ, ಕಣ್ಣು ಕೆಂಪಗೆ ಮಾಡುವ ಅಪ್ಪನಿದ್ದಾನೆ, ಸಾಲವಿದೆ, ಇಂಟರ್ವಲ್ಲಿಗೆ ಸರಿಯಾಗಿ ಒಂದು ಅವಮಾನವೂ ಇದೆ. ನಾಯಕಿ ಇಲ್ಲ. ಆ ಕೊರತೆಗೆ ಕ್ಷಮೆಯಿರಲಿ. "ಹೆಸರು ಮಾತ್ರ ಹಾಕಬ್ಯಾಡ್ರಣ್ಣ, ಸಾಲ ಕೊಟ್ಟೋರೂ ನಿಮ್ಮ ಪತ್ರಿಕೆ ಓದ್ತಾರೆ" ಅಂದ. ಆದ್ದರಿಂದ ನಮ್ಮ ಪದ್ಧತಿಯಂತೆ ಅವನನ್ನು 'ನಾಯಕ' ಎಂದೇ ಕರೆಯೋಣ.

ಊರಿನ ಪರಿಚಯ ಗೊತ್ತಿಲ್ಲದವರಿಗೆ ಎರಡು ಮಾತು. ಸಾಸ್ವೆಹಳ್ಳಿ ಹೊನ್ನಾಳಿ ತಾಲ್ಲೂಕಿನ ಹೋಬಳಿ ಕೇಂದ್ರ, ತುಂಗಭದ್ರೆಯ ಸೀಮೆ. 1997ರ ಆಗಸ್ಟ್ 15ರಂದು ದಾವಣಗೆರೆ ಹೊಸ ಜಿಲ್ಲೆಯಾಗುವ ತನಕ ಶಿವಮೊಗ್ಗ ಜಿಲ್ಲೆಗೆ ಸೇರಿತ್ತು. ಜಿಲ್ಲೆ ಬದಲಾದರೂ ಜನ ಬದಲಾಗಲಿಲ್ಲ. ಬಟ್ಟೆಗೂ, ಡಾಕ್ಟರಿಗೂ, ಸಿನಿಮಾಕ್ಕೂ ಈಗಲೂ ಎರಡೂ ಕಡೆಯ ಬಸ್ಸು ಹತ್ತುತ್ತಾರೆ. ಪೇಪರಿನಲ್ಲಿ ಈ ಊರ ಹೆಸರು ಬಂದರೆ ಹೆಚ್ಚಾಗಿ ಏತ ನೀರಾವರಿ ಸುದ್ದಿಯೇ. ಭತ್ತ, ಮೆಕ್ಕೆಜೋಳ, ಅಡಿಕೆ. ಪಕ್ಕದ ಚನ್ನಗಿರಿಯಂತೂ ಅಡಿಕೆಯ ಸಾಮ್ರಾಜ್ಯ. ರಾಶಿ ಅಡಿಕೆಗೆ ರೇಟು ಬಂದ ವರ್ಷ ಮೊದಲು ಏಳುವುದು ಮನೆ. ಆ ಮನೆಗೆ ಈಗ ತೊಲೆ, ಜಂತಿ, ಪಡಸಾಲೆ ಬೇಕಿಲ್ಲ. ಮಾಡ್ಯುಲರ್ ಕಿಚನ್ ಬೇಕು, ಟೀವಿ ಹಿಂದೆ ಪ್ಯಾನೆಲ್ ಬೇಕು, ಜಿಪ್ಸಂ ಸೀಲಿಂಗಿನೊಳಗೆ ಕಳ್ಳನಂತೆ ಅಡಗಿ ಕೂತು ಬೆಳಕು ಚೆಲ್ಲುವ ಸ್ಟ್ರಿಪ್ ಲೈಟ್ ಬೇಕು. ಒಟ್ಟಿನಲ್ಲಿ 'ಇಂಟೀರಿಯರ್' ಬೇಕು. ಹಳ್ಳಿಯ ಅಜ್ಜಿಯರ ಬಾಯಲ್ಲಿ ಅದು 'ಇಂಟೀರು' ಆಗಿದೆ, ಕೇಳಲು ಚೆಂದ.

ನಾಯಕನ ಅಪ್ಪ ಬಾಗಿಲವಾಡ, ಕಿಟಕಿ, ಕೂರಿಗೆ, ಮಂಚ ಮಾಡಿಕೊಂಡು ಬಂದವರು. ಮಗ ಪೀಣ್ಯದ ಕಡೆ ಒಂದು ಮಾಡ್ಯುಲರ್ ಕಾರ್ಖಾನೆಯಲ್ಲಿ ನಾಲ್ಕು ವರ್ಷ ದುಡಿದ. ಪ್ಲೈವುಡ್ ಕೊಯ್ಯುವುದು, ಲ್ಯಾಮಿನೇಟ್ ಅಂಟಿಸುವುದು, ಅಂಚಿಗೆ ಟೇಪು ಹೊಡೆಯುವುದು, ಸದ್ದಿಲ್ಲದೆ ಮುಚ್ಚುವ ಕೀಲು ಕೂರಿಸುವುದು ಎಲ್ಲ ಕಲಿತ. 2020ರ ಲಾಕ್‌ಡೌನ್ ಬಂತು. ಗಂಟು ಮೂಟೆ ಕಟ್ಟಿಕೊಂಡು ಊರಿಗೆ ಬಂದ. ಅಲ್ಲಿಂದ ಕಥೆ ಶುರು.

ರಾತ್ರೋರಾತ್ರಿ ಬಿದ್ದ ಗೋಡೆ

ಪೀಣ್ಯದಲ್ಲಿದ್ದಾಗಲೇ ನಾಯಕನಿಗೆ ಇನ್ನೊಂದು ಚಟವಿತ್ತು. ಟಿಕ್‌ಟಾಕಿನಲ್ಲಿ ಅಪ್ಪು ಡೈಲಾಗಿಗೆ ತುಟಿ ಕುಣಿಸುವುದು. ನೋಡುವವರೂ ಕೂಡಿದ್ದರು. ಊರಿಗೆ ಬಂದ ಮೇಲೆ ಅದೇ ಖಾತೆಯಲ್ಲಿ ತನ್ನ ಕೆಲಸವನ್ನೂ ತೋರಿಸೋಣ, ಆ ಜನರಲ್ಲಿ ನೂರಕ್ಕೊಬ್ಬ ಮನೆ ಕಟ್ಟಿಸಿದರೂ ಸಾಕು ಅಂತ ಲೆಕ್ಕ ಹಾಕಿದ್ದ. 2020ರ ಜೂನ್ 29ರಂದು ಕೇಂದ್ರ ಸರ್ಕಾರ 59 ಚೀನಾ ಆ್ಯಪ್‌ಗಳನ್ನು ನಿಷೇಧಿಸಿತು. ಟಿಕ್‌ಟಾಕ್ ಮಂಗಮಾಯ. ಅಷ್ಟೂ ಅಭಿಮಾನಿಗಳು ಒಂದೇ ಏಟಿಗೆ ಹೋದರು. ಒಬ್ಬನ ಫೋನ್ ನಂಬರೂ ಇವನ ಹತ್ತಿರ ಇರಲಿಲ್ಲ.

ನಮ್ಮ ಹಿರಿಯರು ಹೇಳುವ ಸಿನಿಮಾ ಪ್ರಚಾರದ ಕಥೆ ನಿಮಗೂ ಗೊತ್ತು. ಎತ್ತಿನ ಗಾಡಿಗೋ ಜಟಕಾಕ್ಕೋ ಎರಡೂ ಕಡೆ ಬೋರ್ಡ್ ಕಟ್ಟಿ, ತಮಟೆ ಹೊಡೆದು, ಗುಲಾಬಿ ಬಣ್ಣದ ಹ್ಯಾಂಡ್‌ಬಿಲ್ ತೂರುತ್ತಿದ್ದರಂತೆ. ಮಕ್ಕಳು ಹಿಂದೆ ಓಡುತ್ತಿದ್ದವಂತೆ. ಪೋಸ್ಟರ್ ಅಂಟಿಸುವವರಿಗೆ ಆಗಲೇ ಒಂದು ಕಷ್ಟವಿತ್ತು. ಗೋಡೆ ತಮ್ಮದಲ್ಲ. ಇವತ್ತು ಅಂಟಿಸಿದ ಪೋಸ್ಟರಿನ ಮೇಲೆ ನಾಳೆ ಇನ್ನೊಬ್ಬ ಅಂಟಿಸುತ್ತಾನೆ, ನಾಳಿದ್ದು ಗೋಡೆಯ ಯಜಮಾನ ಸುಣ್ಣ ಬಳಿಯುತ್ತಾನೆ. ಟಿಕ್‌ಟಾಕ್ ಆಗಲಿ, ಇನ್‌ಸ್ಟಾಗ್ರಾಮ್ ಆಗಲಿ, ಯೂಟ್ಯೂಬ್ ಆಗಲಿ ಎಲ್ಲ ಬೇರೆಯವರ ಗೋಡೆಯೇ. ಆ ದಿನದಿಂದ ನಾಯಕ ಒಂದು ಇನ್ನೂರು ಪುಟದ ನೋಟ್‌ಬುಕ್ ಇಟ್ಟಿದ್ದಾನೆ. ವಿಚಾರಿಸಿದ ಪ್ರತಿಯೊಬ್ಬರ ಹೆಸರು, ಊರು, ನಂಬರು, ಏನು ಕೇಳಿದರು ಎಲ್ಲ ಪೆನ್ನಿನಲ್ಲಿ. ನನಗೆ ತೋರಿಸಿದ. ಅಂಚು ಸುರುಳಿ ಸುತ್ತಿಕೊಂಡು, ಫೆವಿಕಾಲ್ ಮೆತ್ತಿಕೊಂಡ ಆ ಪುಸ್ತಕ ಅವನ ನಿಜವಾದ ಆಸ್ತಿ.

ಟಿಕ್‌ಟಾಕ್ ಹೋದ ಹತ್ತೇ ದಿನಕ್ಕೆ, ಜುಲೈ 2020ರಲ್ಲಿ, ಇನ್‌ಸ್ಟಾಗ್ರಾಮಿನವರು ಭಾರತದಲ್ಲಿ 'ರೀಲ್ಸ್' ಬಿಟ್ಟರು. ಸಂತೆ ಒಂದು ಬೀದಿಯಿಂದ ಇನ್ನೊಂದು ಬೀದಿಗೆ ಹೋದಂತೆ ಜನವೆಲ್ಲ ಅಲ್ಲಿಗೆ ಹೋಯಿತು. ಇಲ್ಲಿ ನಮ್ಮ ಹಾಸ್ಯನಟನ ಪ್ರವೇಶ.

ಕಿಟಕಿಯಾಚೆ ಹಿಮಪಾತ!

ಹಾಸ್ಯನಟ ನಾಯಕನ ಗೆಳೆಯ. ಕಂಪ್ಯೂಟರ್ ಕೋರ್ಸ್ ಮಾಡಿದವನು, ಮಾತುಗಾರ. "ನೀನು ಮರ ನೋಡ್ಕೋ, ನಾನು ಮಾರ್ಕೆಟಿಂಗ್ ನೋಡ್ಕೋತೀನಿ" ಅಂದ. ಇಬ್ಬರೂ ಪಾಲುದಾರರಾದರು. ನಾಯಕ ಸಾಲ ಮಾಡಿ ಪ್ಲೈವುಡ್ ಕೊಯ್ಯುವ ಮೆಷಿನ್ ತಂದ. ಹಾಸ್ಯನಟ ಇಂಗ್ಲಿಷಿನಲ್ಲಿ ಹೆಸರಿಟ್ಟು ಒಂದು ಪೇಜು ತೆರೆದ. ಹೆಸರಿನಲ್ಲಿ 'ಲಕ್ಷುರಿ' ಇತ್ತು. ಊರಿನಲ್ಲಿ ಅದನ್ನು ನೆಟ್ಟಗೆ ಓದಿದವರು ಕಡಿಮೆ.

ಮಾಡಿ ಮುಗಿಸಿದ ಕೆಲಸ ಇನ್ನೂ ಒಂದೂ ಇಲ್ಲ, ಪೇಜಿಗೆ ಏನು ಹಾಕೋದು? ಹಾಸ್ಯನಟನಿಗೆ ಅದು ಚಿಂತೆಯೇ ಅಲ್ಲ. ಪಿಂಟರೆಸ್ಟಿನಿಂದ ಚಿತ್ರ ಇಳಿಸಿದ, ಮೂಲೆಯಲ್ಲಿ ತಮ್ಮ ಹೆಸರು ಹೊಡೆದ, ಹಾಕಿದ. ದಿನಕ್ಕೆ ಮೂರು. ಜೊತೆಗೆ ದುಡ್ಡು ಕೊಟ್ಟು ಹತ್ತು ಸಾವಿರ 'ಫಾಲೋಯರ್ಸ್' ಖರೀದಿ! ಅವರಲ್ಲಿ ಹೊನ್ನಾಳಿ ತಾಲ್ಲೂಕಿನವರು ಯಾರೂ ಇರಲಿಲ್ಲ. ಯಾವ್ಯಾವುದೋ ದೇಶದ ಹೆಸರುಗಳು, ಮುಖವಿಲ್ಲದ ಖಾತೆಗಳು. ನಮ್ಮ ಚಿತ್ರರಂಗಕ್ಕೂ ಈ ರೋಗ ಗೊತ್ತಿಲ್ಲದ್ದೇನಲ್ಲ. ಹೌಸ್‌ಫುಲ್ ಬೋರ್ಡ್ ತಾವೇ ನೇತುಹಾಕಿ ಒಳಗೆ ಸೊಳ್ಳೆ ಹೊಡೆದವರ ಕಥೆ ಎಷ್ಟು ಕೇಳಿಲ್ಲ ನಾವು?

ಆದರೂ ಗಾಳಕ್ಕೆ ಒಂದು ಮೀನು ಬಿತ್ತು. ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರರೊಬ್ಬರು, ಹೊಸ ಮನೆ ಕಟ್ಟಿಸುತ್ತಿದ್ದವರು, ಮುಂಗಡ ಕೊಟ್ಟೇಬಿಟ್ಟರು. ಅಳತೆ ತೆಗೆಯಲು ಇಬ್ಬರೂ ಬೈಕಿನಲ್ಲಿ ಹೋದರು. ಯಜಮಾನರು ಫೋನ್ ತೆಗೆದು ಅದೇ ಪೇಜಿನ ಒಂದು ಚಿತ್ರ ತೋರಿಸಿ, "ಇದು ನೀವು ಯಾವೂರಲ್ಲಿ ಮಾಡಿದ್ದು? ಹೋಗಿ ನೋಡಿ ಬರೋಣ" ಅಂದರು. ಹಾಸ್ಯನಟ, "ಭದ್ರಾವತೀಲಿ, ಸಾರ್" ಅಂದ.

ಪಕ್ಕದಲ್ಲಿ ಎಲೆ ಅಡಿಕೆ ಮೆಲ್ಲುತ್ತಾ ಕೂತಿದ್ದರು ಯಜಮಾನರ ತಾಯಿ. ಫೋನ್ ಇಸಿದುಕೊಂಡು, ಕಣ್ಣಿಗೆ ಹತ್ತಿರ ಹಿಡಿದು ನೋಡಿ ಕೇಳಿದರಂತೆ: "ಭದ್ರಾವತಿ ಅಂತೀಯಲ್ಲೋ ತಮ್ಮಾ, ಕಿಟಕಿ ಆಚೆ ಹಿಮ ಬಿದ್ದೈತಲ್ಲೋ?"

ಹೌದು ಸ್ವಾಮಿ! ಆ ಅಡಿಗೆಮನೆಯ ಕಿಟಕಿಯಾಚೆ ಪೈನ್ ಮರ, ಮರದ ಮೇಲೆ ಬೆಳ್ಳಗೆ ಹಿಮ. ಯಾವ ಕೆನಡಾವೋ, ಯಾವ ನಾರ್ವೆಯೋ.

"ಅಣ್ಣಾ, ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು" ಅಂದ ನಾಯಕ. ಯಜಮಾನರು ಬೈಯಲಿಲ್ಲ. ಕಾಫಿ ಕೊಟ್ಟು ಕಳಿಸಿದರು. ಅದೇ ಹೆಚ್ಚು ಸುಟ್ಟಿದ್ದು. ಮುಂಗಡ ವಾಪಸ್ಸು ಹೋಯಿತು, ಸುದ್ದಿ ಅದಕ್ಕೂ ಮೊದಲೇ ಊರೂರು ಸುತ್ತಿತು. ಹಾಸ್ಯನಟ ತಿಂಗಳೊಳಗೆ ಬೆಂಗಳೂರು ಬಸ್ಸು ಹತ್ತಿದ. ಮೆಷಿನ್ನಿನ ಸಾಲ ಮಾತ್ರ ಸಾಸ್ವೆಹಳ್ಳಿಯಲ್ಲೇ ಉಳಿಯಿತು. ಮೂರು ತಿಂಗಳ ಕಂತು ಬಾಕಿ. ಅಪ್ಪ ಮಾತು ಬಿಟ್ಟರು.

ನಿಮ್ಮಲ್ಲಿ ಕೆಲವರು ಕೇಳಬಹುದು, ಸಿನಿಮಾದಲ್ಲಿ ತೋರಿಸುವ ಮನೆಯೂ ಸುಳ್ಳೇ ಅಲ್ಲವೇ? ಪ್ಲೈವುಡ್ಡಿಗೆ ಪಿ.ಒ.ಪಿ. ಮೆತ್ತಿ, ಬಣ್ಣ ಹೊಡೆದು ಅರಮನೆ ಅನ್ನುತ್ತಾರಲ್ಲ? ನಿಜವೇ. ಕಲಾ ನಿರ್ದೇಶಕನ ಕೆಲಸವೇ ಅದು. 'ಕೆ.ಜಿ.ಎಫ್.'ಗಾಗಿ ಕಲಾ ನಿರ್ದೇಶಕ ಶಿವಕುಮಾರ್ ಕೋಲಾರದ ಗಣಿಪ್ರದೇಶದಲ್ಲಿ ಒಂದು ಲೋಕವನ್ನೇ ಎಬ್ಬಿಸಿದರು. ಅದು ನಿಲ್ಲಬೇಕಾದ್ದು ಚಿತ್ರೀಕರಣ ಮುಗಿಯುವ ತನಕ. ಕ್ಯಾಮೆರಾ ಎಲ್ಲಿ ನೋಡುವುದಿಲ್ಲವೋ ಅಲ್ಲಿ ಬರೀ ಗೂಟ, ಬರೀ ಮೊಳೆ. ಪ್ರೇಕ್ಷಕನಿಗೂ ಅದು ಗೊತ್ತು, ಟಿಕೆಟ್ ಕೊಟ್ಟು ಸುಳ್ಳು ನೋಡುವ ಸುಖವೇ ಸಿನಿಮಾ. ಆದರೆ ಅಡಿಗೆಮನೆಯ ಕಪಾಟಿನೊಳಗೆ ಕ್ಯಾಮೆರಾ ನೋಡದಿದ್ದರೂ ಆ ಮನೆಯ ಅಮ್ಮ ನೋಡುತ್ತಾಳೆ. ದಿನಕ್ಕೆ ಹತ್ತು ಸಲ ಬಾಗಿಲು ತೆಗೆದು ನೋಡುತ್ತಾಳೆ.

ಇದಕ್ಕೆ ತದ್ವಿರುದ್ಧ ಉದಾಹರಣೆಯೂ ನಮ್ಮ ಪಕ್ಕದಲ್ಲೇ ಇದೆ. ಶಂಕರ್‌ನಾಗ್ ಆಗುಂಬೆಯಲ್ಲಿ 'ಮಾಲ್ಗುಡಿ ಡೇಸ್' ತೆಗೆದರಲ್ಲ, ಅದರಲ್ಲಿ ಕಾಣುವ ದೊಡ್ಡಮನೆ ಸೆಟ್ಟಲ್ಲ, ನಿಜವಾದ ಮನೆ. ಧಾರಾವಾಹಿ ದೂರದರ್ಶನದಲ್ಲಿ ಬಂದು ದಶಕಗಳಾದವು, ಶಂಕರಣ್ಣ 1990ರಲ್ಲೇ ನಮ್ಮನ್ನಗಲಿದರು, ಇವತ್ತಿಗೂ ಜನ ಆಗುಂಬೆಗೆ ಹೋಗಿ ಆ ಕಂಬ ಮುಟ್ಟಿ ನೋಡಿ ಬರುತ್ತಾರೆ. ಆ ಧಾರಾವಾಹಿಯ ಕಲಾ ನಿರ್ದೇಶಕ ಜಾನ್ ದೇವರಾಜ್. ಹೊಸನಗರ ತಾಲ್ಲೂಕಿನ ಅರಸಾಳು ರೈಲು ನಿಲ್ದಾಣದ ಹಳೇ ಕಟ್ಟಡವನ್ನು 2020ರಲ್ಲಿ ಮಾಲ್ಗುಡಿ ಮ್ಯೂಸಿಯಂ ಮಾಡಿದಾಗ ಕೈ ಹಾಕಿದವರೂ ಅವರೇ. ಸೆಟ್ ಹಾಕಿದ ಕೈಯೇ ನಿಲ್ಲುವ ಕಟ್ಟಡವನ್ನೂ ಅಂದಗೊಳಿಸಿತು ನೋಡಿ! ಒಳಾಲಂಕಾರದ ಕೆಲಸಕ್ಕಿಳಿಯುವ ಹುಡುಗರು ಒಮ್ಮೆ ಶಿವಮೊಗ್ಗದಿಂದ ತಾಳಗುಪ್ಪ ರೈಲು ಹತ್ತಿ ಅರಸಾಳಿನಲ್ಲಿಳಿದು ನೋಡಿ ಬರಬೇಕು ಅನ್ನುವುದು ಈ ಲೇಖಕನ ಸಲಹೆ.

ಹಂಡೆಯಲ್ಲಿ ಬೆಂದ ಸೂಪರ್ ಹಿಟ್

ಇಂಟರ್ವಲ್ ಮುಗಿಯಿತು. ಬೆಲ್ ಹೊಡೆಯಿತು.

ಮಾತು ಬಿಟ್ಟಿದ್ದ ಅಪ್ಪ ಒಂದು ದಿನ ವರ್ಕ್‌ಶಾಪಿಗೆ ಬಂದು ಪ್ಲೈವುಡ್ ಹಾಳೆ ಕುಟ್ಟಿ ನೋಡಿದರಂತೆ. ಅವರಿಗೆ ತೇಗ, ಹೊನ್ನೆ, ಹಲಸು ಗೊತ್ತು. ಈ ಪದರ ಪದರದ ಹಾಳೆ ಮೇಲೆ ಮೊದಲಿಂದ ಗುಮಾನಿ. "ಇದು ನೀರು ಬಿದ್ರೆ ಇರುತ್ತೇನೋ?" ಅಂದರು. ಇರುತ್ತೆ ಅಂದ ಮಗ. "ಬಾಯಲ್ಲಿ ಹೇಳಬ್ಯಾಡ. ಹಂಡೆಗೆ ಹಾಕು" ಅಂದರು.

ಇಲ್ಲಿ ಸ್ವಲ್ಪ ಮರದ ಪಾಠ. ಬೇಜಾರು ಮಾಡಿಕೊಳ್ಳಬೇಡಿ, ನಾಳೆ ನಿಮ್ಮ ಮನೆಗೂ ಬೇಕಾಗುತ್ತದೆ. ಅಂಗಡಿಯಲ್ಲಿ ಹೆಚ್ಚಾಗಿ ಓಡುವ ಅಗ್ಗದ ಪ್ಲೈವುಡ್ 'ಎಂ.ಆರ್.' ದರ್ಜೆಯದು. ಗಾಳಿಯ ತೇವ ತಡೆಯುತ್ತದೆ, ಅಷ್ಟೇ. ಐ.ಎಸ್. 303 ಮುದ್ರೆಯ ಕೆಳಗೆ ಬರುವಂಥದ್ದು. ಇನ್ನೊಂದು ಐ.ಎಸ್. 710, 'ಬಿ.ಡಬ್ಲ್ಯು.ಪಿ.' ಅಂದರೆ ಕುದಿಯುವ ನೀರಿಗೂ ಜಗ್ಗದ್ದು. ಅದನ್ನು ಪಾಸು ಮಾಡಬೇಕಾದರೆ 72 ಗಂಟೆ ಕುದಿಸುವ ಪರೀಕ್ಷೆ ಇದೆ. ಎರಡಕ್ಕೂ ವ್ಯತ್ಯಾಸ ಪದರಗಳ ನಡುವಿನ ಅಂಟಿನಲ್ಲಿ. ಮೇಲೆ ಲ್ಯಾಮಿನೇಟ್ ಅಂಟಿಸಿದರೆ ಮುಗಿಯಿತು, ಯಾವುದು ಯಾವುದೆಂದು ಬ್ರಹ್ಮನಿಗೂ ತಿಳಿಯದು. ಬಿಲ್ಲಿನಲ್ಲಿ 710 ಬರೆದು ಸಿಂಕಿನ ಕೆಳಗೆ 303 ಕೂರಿಸುವ ಮಹಾನುಭಾವರು ಈ ಧಂಧೆಯಲ್ಲಿದ್ದಾರೆ. ಎರಡು ಮಳೆಗಾಲ ಕಳೆಯುವ ಹೊತ್ತಿಗೆ ಕಪಾಟಿನ ಹೊಟ್ಟೆ ಉಬ್ಬುತ್ತದೆ, ಆಮೇಲೆ ಗೆದ್ದಲಿಗೆ ಹಬ್ಬ.

ನಾಯಕ ಎರಡರ ಒಂದೊಂದು ಚೂರು ಕೊಯ್ದು, ಪೆನ್ನಿನಲ್ಲಿ ಗುರುತು ಮಾಡಿ, ಬಚ್ಚಲುಮನೆಯ ಹಂಡೆಗೆ ಹಾಕಿದ. ಅಡಿಕೆ ಸಿಪ್ಪೆ, ಜೋಳದ ದಂಟಿನ ಉರಿ. ಫೋನನ್ನು ಕಿಟಕಿಗೆ ಒರಗಿಸಿಟ್ಟ. ಸಂಜೆಯ ಹೊತ್ತಿಗೆ ಅಗ್ಗದ ಚೂರು ಪುಸ್ತಕದ ಹಾಳೆಯಂತೆ ಬಿಚ್ಚಿಕೊಂಡಿತು. ಇನ್ನೊಂದನ್ನು ಮೂರು ದಿನ ಬೇಯಿಸಿದರು. ಮನೆಯವರೆಲ್ಲ ಸ್ನಾನಕ್ಕೆ ಪಕ್ಕದ ಮನೆಗೆ! ಮೂರನೇ ದಿನ ಅಪ್ಪ ಇಕ್ಕಳದಲ್ಲಿ ತೆಗೆದು, ಕಲ್ಲಿನ ಮೇಲಿಟ್ಟು, ಸುತ್ತಿಗೆಯಿಂದ ಎರಡು ಬಿಟ್ಟರು. ಬಿಚ್ಚಲಿಲ್ಲ. "ಇರ್ಲಿ" ಅಂದರು. ಆ ಒಂದು ಮಾತೇ ಇಡೀ ರೀಲಿನ ಡೈಲಾಗು.

ಮೂರು ದಿನದ್ದನ್ನು ಒಂದು ನಿಮಿಷಕ್ಕೆ ಇಳಿಸಿ ಹಾಕಿದ. ಈ ಸಲ ಇಂಗ್ಲಿಷ್ ಇಲ್ಲ. "ಸಾಸ್ವೆಹಳ್ಳಿಯಿಂದ. ಎರಡು ಪ್ಲೈವುಡ್, ಒಂದು ಹಂಡೆ. ನೀವೇ ನೋಡಿ" ಅಂತ ಕನ್ನಡದಲ್ಲಿ ಬರೆದ. ಕೋಟಿ ಜನ ನೋಡಿದರು ಅಂತ ನಾನು ರೈಲು ಬಿಡುವುದಿಲ್ಲ. 'ಕೆ.ಜಿ.ಎಫ್. ಚಾಪ್ಟರ್ 2' ಟೀಸರ್ ಸೋರಿಹೋಗಿ 2021ರ ಜನವರಿ 7ರ ರಾತ್ರಿಯೇ ಬಿಟ್ಟಾಗ ಬಂದ ಕೋಟಿಗಳೇ ಬೇರೆ. ಇವನದ್ದು ಕೆಲವು ಸಾವಿರ. ಆದರೆ ಆ ಕೆಲವು ಸಾವಿರ ಹೊನ್ನಾಳಿ, ನ್ಯಾಮತಿ, ಚನ್ನಗಿರಿ, ಶಿಕಾರಿಪುರದ್ದು. ಗೃಹಿಣಿಯರು ಗಂಡಂದಿರಿಗೆ ಕಳಿಸಿದರು, ಗಂಡಂದಿರು ವಾಟ್ಸಾಪಿನ ಕುಟುಂಬದ ಗ್ರೂಪಿಗೆ ಹಾಕಿದರು. ಒಂದೇ ವಾರದಲ್ಲಿ ಹನ್ನೊಂದು ಫೋನು. ಎಲ್ಲ ನೋಟ್‌ಬುಕ್ಕಿನಲ್ಲಿ ಬರೆದಿದೆ, ನಾನೇ ಎಣಿಸಿದೆ. ಅದರಲ್ಲಿ ಕೆಲಸವಾಗಿದ್ದು ಮೂರು. ಆ ಮೂರು ಬಾಕಿ ಕಂತು ತೀರಿಸಿದವು.

ಈ ಪೈಕಿ ಒಂದು ಫೋನು ಯಾರದು ಗೊತ್ತೇ? ಹಿಮ ಕಂಡುಹಿಡಿದ ಆ ಅಜ್ಜಿಯದು! "ಈಗ ಬಾ, ನಮ್ಮನೆ ಅಟ್ಟದ ಕಪಾಟು ಮಾಡಿಕೊಡು. ಕಿಚನ್ ಬೇರೆಯೋರು ಮಾಡಿ ಆತು" ಅಂದರಂತೆ. ಹೋಗಿ ಮಾಡಿಕೊಟ್ಟ.

ಹಾಡು, ದೃಷ್ಟಿ ಮತ್ತು ದೇವರಮನೆ

ಇಲ್ಲಿ ನಮ್ಮ 'ಲೂಸಿಯಾ' ನೆನಪಾಗುತ್ತದೆ. 2011ರ ಕೊನೆಯಲ್ಲಿ ಪವನ್ ಕುಮಾರ್ ನಿರ್ಮಾಪಕರು ಸಿಗದೆ ತಮ್ಮ ಬ್ಲಾಗಿನಲ್ಲಿ ಮನಸ್ಸಿನ ಮಾತು ಬಿಚ್ಚಿ ಬರೆದರು. ಅದು ಫೇಸ್‌ಬುಕ್ಕಿನಲ್ಲಿ ಹಬ್ಬಿತು. 27 ದಿನಗಳಲ್ಲಿ 110 ಜನ ಸೇರಿ ಐವತ್ತು ಲಕ್ಷಕ್ಕೂ ಮಿಕ್ಕಿ ಹಣ ಕೊಟ್ಟರು. ಆ ದುಡ್ಡಿನಲ್ಲೇ ನೀನಾಸಂ ಸತೀಶ್ ನಾಯಕರಾದ ಚಿತ್ರ 2013ರ ಸೆಪ್ಟೆಂಬರಿನಲ್ಲಿ ತೆರೆಗೆ ಬಂತು. ಅದಕ್ಕೆ ಮೊದಲೇ ಲಂಡನ್ನಿನ ಭಾರತೀಯ ಚಿತ್ರೋತ್ಸವದಲ್ಲಿ ಪ್ರೇಕ್ಷಕರ ಮೆಚ್ಚುಗೆಯ ಪ್ರಶಸ್ತಿ ಗಿಟ್ಟಿಸಿತ್ತು. ಗಮನಿಸಿ, ಪವನ್ ಅವರು ಹಾಕಿದ್ದು ಬಣ್ಣದ ಪೋಸ್ಟರ್ ಅಲ್ಲ. ಕಷ್ಟ ಏನು, ಮಾಡಬೇಕಾದ್ದೇನು ಅಂತ ಇದ್ದದ್ದನ್ನು ಇದ್ದಂತೆ ಹೇಳಿದರು. 2025ರ ಜುಲೈನಲ್ಲಿ 'ಸು ಫ್ರಮ್ ಸೋ' ಬಂದಾಗಲೂ ಭಾರೀ ತಾರೆಯರಿರಲಿಲ್ಲ. ಮುಂಚಿತ ಪ್ರದರ್ಶನ ನೋಡಿ ಬಂದವರ ಬಾಯಿಂದ ಬಾಯಿಗೆ ಹೋಗಿ ಥಿಯೇಟರ್ ತುಂಬಿತು. ಫೋನ್ ಇದ್ದರೂ ಬಾಯಿ ಬಾಯಿಯೇ.

ನಾಯಕನೂ ಈಗ ಇದೇ ದಾರಿ. ಮುಗಿದ ಮನೆಗಿಂತ ಮುಗಿಯದ ಮನೆ ತೋರಿಸುತ್ತಾನೆ. ಪ್ಲೈವುಡ್ಡಿನ ಮುದ್ರೆ, ಒಳಗಿನ ಮೊಳೆ, ಕೀಲಿನ ಸ್ಕ್ರೂ, ವೈರು ಹೋಗುವ ದಾರಿ. ಅಕ್ಕನ ಮಗನನ್ನು ಕೂರಿಸಿ ಕಪಾಟಿನ ಬಾಗಿಲು ಇನ್ನೂರು ಸಲ ತೆಗೆಸಿ ಮುಚ್ಚಿಸಿದ ರೀಲೊಂದಿದೆ. ನೂರೆಂಬತ್ತಕ್ಕೆ ಹುಡುಗ ಅಳುತ್ತಾನೆ, ಇನ್ನೂರಕ್ಕೆ ಐಸ್‌ಕ್ರೀಮ್ ಸಿಗುತ್ತದೆ, ಬಾಗಿಲು ಮಾತ್ರ ಕಿರ್ ಅನ್ನುವುದಿಲ್ಲ. ನಮ್ಮ ಎಷ್ಟೋ ಹೊಸ ಹೀರೋಗಳ ಫೈಟಿಗಿಂತ ಅದರಲ್ಲಿ ಟೆನ್ಷನ್ ಹೆಚ್ಚು!

ಹಾಡಿನ ವಿಷಯದಲ್ಲಿ ಹುಡುಗರು ಎಚ್ಚರ ವಹಿಸಬೇಕು. ಅಡಿಗೆಮನೆ ವಿಡಿಯೋ ಹಿಂದೆ ಹಿಟ್ ಹಾಡು ಹಾಕಿದರೆ ಜೋರಾಗಿರುತ್ತದೆ ಅನ್ನುವುದು ಎಲ್ಲರ ಆಸೆ. ಸ್ವಂತ ಖಾತೆಯಲ್ಲಿ ಕುಣಿಯುವುದು ಬೇರೆ, ವ್ಯಾಪಾರಕ್ಕೆ ಬಳಸುವುದು ಬೇರೆ. ಇನ್‌ಸ್ಟಾಗ್ರಾಮಿನಲ್ಲಿ ಬಿಜಿನೆಸ್ ಖಾತೆ ಮಾಡಿಕೊಂಡರೆ ಸಿನಿಮಾ ಹಾಡುಗಳು ಬಹುಪಾಲು ಸಿಗುವುದೇ ಇಲ್ಲ, ಹಕ್ಕಿನ ತಕರಾರಿಲ್ಲದ ಸಂಗೀತ ಮಾತ್ರ. ಬೇರೆ ದಾರಿಯಲ್ಲಿ ತುರುಕಿದರೆ ಸದ್ದಡಗಿಸುತ್ತಾರೆ. ಹಾಡಿನ ಹಕ್ಕು ಎಂಥ ಬೆಂಕಿ ಅನ್ನುವುದಕ್ಕೆ ನಮ್ಮ ರಾಜ್ಯದ್ದೇ ಸಾಕ್ಷಿಯಿದೆ. 2022ರ ನವೆಂಬರಿನಲ್ಲಿ 'ಕೆ.ಜಿ.ಎಫ್. ಚಾಪ್ಟರ್ 2' ಚಿತ್ರದ ಸಂಗೀತವನ್ನು ಭಾರತ್ ಜೋಡೋ ಯಾತ್ರೆಯ ವಿಡಿಯೋಗೆ ಬಳಸಿಕೊಂಡಿದ್ದಾರೆ ಎಂದು ಎಂ.ಆರ್.ಟಿ. ಮ್ಯೂಸಿಕ್ ಕೋರ್ಟಿಗೆ ಹೋಯಿತು. ಬೆಂಗಳೂರಿನ ನ್ಯಾಯಾಲಯ ಕಾಂಗ್ರೆಸ್ ಪಕ್ಷದ ಟ್ವಿಟರ್ ಖಾತೆಯನ್ನೇ ತಡೆಯುವಂತೆ ಆದೇಶಿಸಿತು. ಮರುದಿನ ಹೈಕೋರ್ಟು, ಆ ವಿಡಿಯೋ ತೆಗೆಯಬೇಕೆಂಬ ಷರತ್ತಿನ ಮೇಲೆ, ಆದೇಶವನ್ನು ಬದಿಗಿಟ್ಟಿತು. ಅಷ್ಟು ದೊಡ್ಡ ಪಕ್ಷಕ್ಕೇ ಹೀಗಾದರೆ ಸಾಸ್ವೆಹಳ್ಳಿಯ ಬಡಗಿ ಯಾವ ಲೆಕ್ಕ? ನಾಯಕನ ರೀಲುಗಳಲ್ಲಿ ಈಗ ಹಾಡಿಲ್ಲ. ಗರಗಸದ ಸದ್ದು, ಉಳಿಯ ಸದ್ದು, ಅಪ್ಪನ ಕೆಮ್ಮು.

ಇನ್ನೊಂದು ತೊಡಕು ನಮ್ಮ ಸೀಮೆಯದ್ದೇ. ಮನೆ ಮಾಡಿಸಿಕೊಂಡವರು ವಿಡಿಯೋ ಮಾಡಲು ಬಿಡುವುದಿಲ್ಲ. ದೃಷ್ಟಿಯಾಗುತ್ತದೆ! ಬೀರು ಎಲ್ಲಿದೆ ಅಂತ ಕಳ್ಳರಿಗೆ ಗೊತ್ತಾಗುತ್ತದೆ ಅನ್ನುವ ಭಯ ಬೇರೆ, ಅದು ಸುಳ್ಳಲ್ಲ. ನಾಯಕ ಈಗ ಕೆಲಸ ಒಪ್ಪಿಕೊಳ್ಳುವಾಗಲೇ ಕೇಳುತ್ತಾನೆ. ಬೆಡ್‌ರೂಮು ಬೇಡ ಅಂದರೆ ಬೇಡ, ದೇವರಮನೆ ಎಂದೂ ಇಲ್ಲ, ಊರ ಹೆಸರು ಹಾಕುತ್ತಾನೆ, ಯಜಮಾನರ ಹೆಸರು ಹಾಕುವುದಿಲ್ಲ. ಆದರೆ ಹೊಸ ಗಿರಾಕಿ ಬಂದು ನೋಡಬೇಕೆಂದರೆ ಹಳೇ ಗಿರಾಕಿಯ ಮನೆಗೆ, ಅವರನ್ನು ಕೇಳಿ, ಕರೆದುಕೊಂಡು ಹೋಗುತ್ತಾನೆ. ಭದ್ರಾವತಿ ಅಂದರೆ ಭದ್ರಾವತಿಗೇ!

ಖರ್ಚಿನ ಮಾತು. ದುಡ್ಡು ಕೊಟ್ಟು ರೀಲನ್ನು ಹೆಚ್ಚು ಜನಕ್ಕೆ ತೋರಿಸುವ 'ಬೂಸ್ಟ್' ವ್ಯವಸ್ಥೆ ಇದೆ. ಯಾವ ಊರಿನ ಸುತ್ತ ಎಷ್ಟು ಕಿಲೋಮೀಟರ್ ಅಂತ ನಾವೇ ಹೇಳಬಹುದು. ಅಡಿಕೆ ಮಾರಾಟದ ಕಾಲದಲ್ಲಿ, ದೀಪಾವಳಿ ಆಸುಪಾಸು, ಸ್ವಲ್ಪ ಹಾಕುತ್ತಾನಂತೆ. ಆಷಾಢದಲ್ಲಿ ಪೈಸೆ ಬಿಚ್ಚುವುದಿಲ್ಲ, ಗೃಹಪ್ರವೇಶವೇ ಇಲ್ಲದ ತಿಂಗಳು. ಗಾಂಧಿನಗರದವರು ಪರೀಕ್ಷೆ ಹೊತ್ತಲ್ಲಿ ಪಿಚ್ಚರ್ ಬಿಡಲು ಹಿಂದೆ ಮುಂದೆ ನೋಡಿದ ಹಾಗೆ. ಇದಕ್ಕಿಂತ ಹೆಚ್ಚು ಕೆಲಸ ತಂದದ್ದು ಬಿಟ್ಟಿ ವಾಟ್ಸಾಪ್ ಸ್ಟೇಟಸ್ಸು, ಗೂಗಲ್ ಮ್ಯಾಪಿನಲ್ಲಿ ವರ್ಕ್‌ಶಾಪಿನ ಗುರುತು. ಬಡಗಿಗಳಿಗೆ ಇನ್ನೊಂದು ವಿಷಯ. 2023ರ ಸೆಪ್ಟೆಂಬರಿನಲ್ಲಿ ಶುರುವಾದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಗಿ ಕೆಲಸವೂ ಇದೆ. ಉಪಕರಣಕ್ಕೆ 15,000 ರೂಪಾಯಿ, ಶೇಕಡಾ 5ರ ಬಡ್ಡಿಗೆ ಎರಡು ಕಂತಿನಲ್ಲಿ 3 ಲಕ್ಷದವರೆಗೆ ಸಾಲ. ಮೀಟರ್ ಬಡ್ಡಿಗೆ ಬೀಳುವ ಮೊದಲು ವಿಚಾರಿಸಿ.

ಹಾಗಂತ ನಾಯಕ ಗೆದ್ದುಬಿಟ್ಟ, 'ಶುಭಂ' ಅಂತ ಬೋರ್ಡ್ ಬಿತ್ತು ಅಂದುಕೊಳ್ಳಬೇಡಿ. ಬೆಂಗಳೂರಿನಲ್ಲಿ ಹುಟ್ಟಿದ ಲಿವ್‌ಸ್ಪೇಸ್, ಹೋಮ್‌ಲೇನ್‌ನಂಥ ಕಂಪನಿಗಳ ಜಾಹೀರಾತು ಸಾಸ್ವೆಹಳ್ಳಿಯ ಫೋನಿಗೂ ಬರುತ್ತದೆ. ಅವರು ಕಂಪ್ಯೂಟರಿನಲ್ಲಿ ಮನೆಯ ಚಿತ್ರ ಬರೆದು ಮೊದಲೇ ತೋರಿಸುತ್ತಾರೆ, ಇವನು ಹಾಳೆ ಮೇಲೆ ಪೆನ್ಸಿಲಿನಲ್ಲಿ ಬರೆಯುತ್ತಾನೆ. ಈಗಂತೂ ಎ.ಐ. ಬಂದು, ಎಂದೂ ಇಲ್ಲದ ಮನೆಯನ್ನು ಕ್ಷಣದಲ್ಲಿ ತೋರಿಸುತ್ತದೆ. ಈ ಸಲ ಕಿಟಕಿಯಾಚೆ ಹಿಮವಿರುವುದಿಲ್ಲ, ತೆಂಗಿನ ಮರವೇ ಇರುತ್ತದೆ! ಅಜ್ಜಿ ಹೇಗೆ ಕಂಡುಹಿಡಿಯಬೇಕು?

ಮೊನ್ನೆ ಒಬ್ಬ 'ಇನ್‌ಫ್ಲುಯೆನ್ಸರ್' ಮಹಾಶಯ ಬಂದಿದ್ದನಂತೆ. ಬಿಟ್ಟಿಯಾಗಿ ಒಂದು ವಾರ್ಡ್‌ರೋಬ್ ಮಾಡಿಕೊಟ್ಟರೆ ಹೊಗಳಿ ವಿಡಿಯೋ ಹಾಕುತ್ತೇನೆ ಅಂದ. ಹಾಗೆ ಪಡೆದು ಹೊಗಳಿದರೆ ಅದು ಜಾಹೀರಾತೆಂದು ಸ್ಪಷ್ಟವಾಗಿ ಹೇಳಬೇಕು ಅಂತ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2023ರ ಜನವರಿಯಲ್ಲೇ ಮಾರ್ಗಸೂಚಿ ಕೊಟ್ಟಿದೆ. ನಾಯಕನಿಗೆ ಆ ಕಾನೂನು ಗೊತ್ತಿರಲಿಲ್ಲ. ಆದರೂ ಅಪ್ಪನನ್ನು ತೋರಿಸಿ, "ಅವರನ್ನ ಕೇಳ್ರಿ" ಅಂದ. ಅಪ್ಪ ಉಳಿ ಮಸೆಯುತ್ತಿದ್ದರು. ಮಹಾಶಯ ಕೇಳದೆಯೇ ಹೋದ.

ನಾನು ಅಲ್ಲಿದ್ದಾಗಲೇ ಫೋನಿಗೆ ಒಂದು ಮೆಸೇಜು ಬಂತು. ದುಬೈನಲ್ಲಿರುವ ನ್ಯಾಮತಿ ಕಡೆಯ ಹೆಣ್ಣುಮಗಳು, ಊರಲ್ಲಿ ತಾಯಿಗೆ ಮನೆ ಕಟ್ಟಿಸುತ್ತಿದ್ದಾರೆ. ಯಾವುದೋ ಚಿತ್ರ ಕಳಿಸಿ, "ಇದೇ ಥರ ಕಿಚನ್‌ಗೆ ಎಷ್ಟಾಗುತ್ತೆ?" ಅಂತ ಕೇಳಿದ್ದರು. ನಾಯಕ ಚಿತ್ರವನ್ನು ದೊಡ್ಡದು ಮಾಡಿ, ಮೊದಲು ಕಿಟಕಿಯಾಚೆ ನೋಡಿದ. ನನ್ನ ಮುಖ ನೋಡಿ ನಕ್ಕ. ಆಮೇಲೆ ಟೈಪ್ ಮಾಡಿದ: "ಅಕ್ಕಾ, ಫೋಟೋ ನೋಡಿ ರೇಟು ಹೇಳಕ್ಕೆ ಬರಲ್ಲ. ಅಮ್ಮ ಮನೇಲಿ ಇರ್ತಾರಾ? ನಾಳೆ ಟೇಪು ತಗೊಂಡು ಬರ್ತೀನಿ. ಅವರ ಕೈ ಎಷ್ಟು ಎತ್ತರಕ್ಕೆ ಎಟಕುತ್ತೆ ನೋಡಬೇಕು."